ಮೂರು ಸೀಟು ಖಾಲಿ ಇವೆ, ಕಾರ್‌ಪೂಲ್ ಆ್ಯಪ್ ಮತ್ತೆ ತೆರೆಯಲಾ?

ಪ್ರಶ್ನೆ: ನನಗೆ 37 ವರ್ಷ. ಮನೆಯಿಂದ ಆಫೀಸಿಗೆ 21 ಕಿ.ಮೀ. ವಾರಕ್ಕೆ ನಾಲ್ಕು ದಿನ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಬೆಳಿಗ್ಗೆ ಒಂದೂಕಾಲು ಗಂಟೆ ಹಿಡಿಯುತ್ತದೆ, ಸಂಜೆ ಕೆಲವೊಮ್ಮೆ ಎರಡು ಗಂಟೆ. ಕಾರಿನಲ್ಲಿ ನಾನೊಬ್ಬಳೇ. ಮೂರು ತಿಂಗಳ ಹಿಂದೆ, ಒಂದೇ ದಾರಿಯವರನ್ನು ಒಂದೇ ಕಾರಿಗೆ ಸೇರಿಸುವ ಕಾರ್‌ಪೂಲ್ ಆ್ಯಪ್ ಹಾಕಿಕೊಂಡೆ. ಮೊದಲ ಎರಡು ವಾರ ಚೆನ್ನಾಗಿತ್ತು. ಆಮೇಲೆ ದಿನಕ್ಕೊಬ್ಬರು ಹೊಸಬರು ಬರತೊಡಗಿದರು. ಒಬ್ಬರಂತೂ ಬಂದಾಗಲೆಲ್ಲ ಹತ್ತು ನಿಮಿಷ ಕಾಯಿಸುತ್ತಿದ್ದರು. ಒಂದು ದಿನ ಆ್ಯಪ್ ತೋರಿಸಿದ ಜಾಗಕ್ಕೆ ಹೋಗಲು ಯೂ-ಟರ್ನ್ ಹುಡುಕುತ್ತಾ ಇಪ್ಪತ್ತು ನಿಮಿಷ ಹಾಳಾಯಿತು. ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು, "ದುಡ್ಡು ತಗೊಂಡು ಜನರನ್ನು ಕೂರಿಸಿಕೊಂಡ್ರೆ ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ಬರಲ್ಲ, ಗಾಡಿನೂ ಸೀಜ್ ಮಾಡ್ತಾರೆ" ಅಂದರು. ನಮ್ಮ ಮನೆಯವರು, "ಗೊತ್ತಿಲ್ಲದವರ ಸಹವಾಸ ಯಾಕೆ? ನೀನೊಬ್ಬಳು ಮಾಡಿದ್ರೆ ಟ್ರಾಫಿಕ್ ಕಡಿಮೆ ಆಗುತ್ತಾ?" ಅಂತಾರೆ. ನಿಲ್ಲಿಸಿಬಿಟ್ಟೆ. ಆದರೆ ದಿನಾ ಮೂರು ಸೀಟು ಖಾಲಿ ಇಟ್ಟುಕೊಂಡು ಸಿಗ್ನಲ್‌ನಲ್ಲಿ ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ. ಮತ್ತೆ ಶುರು ಮಾಡಬಹುದಾ? ದುಡ್ಡು ಎಷ್ಟು ತಗೋಬೇಕು? ಸರಿಹೋಗದವರಿಗೆ ಬೇಡ ಅಂತ ಹೇಗೆ ಹೇಳೋದು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ದಿನಾ ಹೊಸಬರು ಬರುವ ಕಿರಿಕಿರಿ, ವಿಮೆಯ ಭಯ, ಅಪರಿಚಿತರ ಭಯ, ಜೊತೆಗೆ ಇಷ್ಟೆಲ್ಲ ಮಾಡಿ ಏನು ಬಂತು ಅನ್ನುವ ಬೇಸರ. ಒಂದೊಂದನ್ನೇ ಬಿಡಿಸೋಣ. ಆಫೀಸುಗಳಿಗೆ ನೌಕರರ ಓಡಾಟದ ವ್ಯವಸ್ಥೆ ರೂಪಿಸಿಕೊಡುವುದು ನನ್ನ ಹದಿನೈದು ವರ್ಷದ ಕೆಲಸ. ಈ ನಾಲ್ಕೂ ಮಾತುಗಳನ್ನು ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ.

ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮತ್ತೆ ಶುರು ಮಾಡಿ. ಆದರೆ ಆ್ಯಪನ್ನು ಜನರನ್ನು ಹುಡುಕಲು ಬಳಸಿ, ಹಣದ ಲೆಕ್ಕ ಇಡಲು ಬಳಸಿ. ದಿನಾ ಬೆಳಿಗ್ಗೆ ನಿಮ್ಮ ಪಕ್ಕ ಯಾರು ಕೂರಬೇಕು ಅನ್ನೋದನ್ನು ಮಾತ್ರ ಅದಕ್ಕೆ ಬಿಡಬೇಡಿ.

ಹಾಗೆ ಯಾಕೆ ಹೇಳುತ್ತೇನೆ ಅಂದರೆ, ಎರಡು ವಾರದ ನಂತರ ಕೆಟ್ಟದ್ದು ನಿಮ್ಮ ತಪ್ಪಿನಿಂದಲ್ಲ. ಒಂದು ಅಂದಾಜು ಲೆಕ್ಕ ಹಾಕೋಣ. ನಿಮ್ಮ ಆಫೀಸು, ಅಕ್ಕಪಕ್ಕದ ಕಟ್ಟಡಗಳು ಎಲ್ಲ ಸೇರಿ 5,000 ಜನ ಕೆಲಸ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ನಿಮ್ಮ ಮನೆ ಕಡೆಯಿಂದ ಬರುವವರು ಇಪ್ಪತ್ತರಲ್ಲಿ ಒಬ್ಬರು ಅಂದರೆ 250 ಜನ. ನೀವು ಹೊರಡುವ ಅರ್ಧ ಗಂಟೆಯೊಳಗೇ ಹೊರಡುವವರು ಅವರಲ್ಲಿ ಐದಕ್ಕೊಬ್ಬರು ಅಂದರೆ 50. ಅವರಲ್ಲಿ ಹತ್ತಕ್ಕೊಬ್ಬರು ಆ್ಯಪ್ ಹಾಕಿಕೊಂಡಿದ್ದಾರೆ ಅಂದರೆ ಐದೇ ಜನ. ಇನ್ನು ಅವರು ಆಫೀಸಿಗೆ ಬರುವ ದಿನಗಳು ನಿಮ್ಮ ನಾಲ್ಕು ದಿನಗಳಿಗೆ ಹೊಂದಬೇಕು, ಸಂಜೆಯೂ ಜೊತೆಗೇ ಹೊರಡುವಂತಿರಬೇಕು. ಕೊನೆಗೆ ಉಳಿಯುವುದು ಒಬ್ಬರೋ ಇಬ್ಬರೋ. ನಿಮ್ಮ ಜಾಗದಲ್ಲಿ ಅಂಕಿಗಳು ಬೇರೆ ಇರಬಹುದು. ಐದು ಸಾವಿರ ಇಷ್ಟು ಬೇಗ ಬೆರಳೆಣಿಕೆಗೆ ಇಳಿಯುವುದು ಮಾತ್ರ ನಾನು ನೋಡಿದ ಎಲ್ಲ ಕಡೆ ಒಂದೇ.

ಆ ಒಬ್ಬರೋ ಇಬ್ಬರೋ ಮೊದಲ ಎರಡು ವಾರ ನಿಮಗೆ ಸಿಕ್ಕಿದ್ದರು. ಅವರು ರಜೆ ಹಾಕಿದಾಗ, ಅವರ ಶಿಫ್ಟ್ ಬದಲಾದಾಗ ಆ್ಯಪ್ ಸುಮ್ಮನೆ ಕೂರುವುದಿಲ್ಲ. "ಇವತ್ತು ಯಾರೂ ಇಲ್ಲ" ಅಂತ ನಾಲ್ಕು ದಿನ ತೋರಿಸಿದರೆ ನೀವು ಅದನ್ನು ತೆಗೆದುಹಾಕುತ್ತೀರಿ ಅಂತ ಅದನ್ನು ಮಾಡಿದವರಿಗೆ ಗೊತ್ತು. ಹಾಗಾಗಿ ಹುಡುಕುವ ವ್ಯಾಪ್ತಿ ಹಿಗ್ಗುತ್ತದೆ. ಮೊದಲು ಅರ್ಧ ಕಿ.ಮೀ. ಆಚೆಯವರು, ಆಮೇಲೆ ಎರಡು ಕಿ.ಮೀ. ಆಚೆಯವರು. ಮ್ಯಾಪ್‌ನಲ್ಲಿ ನೋಡಿದರೆ ಪಿಕಪ್ ಜಾಗ ನಿಮ್ಮ ದಾರಿಗೆ ಅಂಟಿಕೊಂಡೇ ಇರುತ್ತದೆ. ರಸ್ತೆಯಲ್ಲಿ ನೋಡಿದರೆ ಅದು ಡಿವೈಡರ್‌ನ ಆಚೆ ಬದಿ. ಬೆಳಿಗ್ಗೆ ಎಂಟೂವರೆಗೆ ಆ ಡಿವೈಡರ್ ದಾಟುವುದು ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ನಿಮ್ಮ ಇಪ್ಪತ್ತು ನಿಮಿಷ ಹೋದದ್ದು ಅಲ್ಲೇ.

ದೊಡ್ಡ ಕಂಪನಿಗಳಿಗೂ ಈ ಗಂಟು ಬಿಡಿಸಲು ಆಗಿಲ್ಲ. ದಾರಿ ತೋರಿಸುವ ಆ್ಯಪ್‌ಗೆ ಹೆಸರಾದ ಗೂಗಲ್‌ನ ವೇಜ್, ತನ್ನ ಕಾರ್‌ಪೂಲ್ ಸೇವೆಯನ್ನು 2022ರಲ್ಲಿ ಮುಚ್ಚಿತು. ಕೋವಿಡ್ ನಂತರ ಜನ ಆಫೀಸಿಗೆ ಓಡಾಡುವ ರೀತಿಯೇ ಬದಲಾಗಿದೆ ಅನ್ನುವುದು ಅದು ಕೊಟ್ಟ ಕಾರಣ. ಇನ್ನೊಂದು ಕಡೆ, ಫ್ರಾನ್ಸ್‌ನಲ್ಲಿ 2006ರಲ್ಲಿ ಶುರುವಾದ ಬ್ಲಾಬ್ಲಾಕಾರ್ ಅನ್ನುವ ಕಾರ್‌ಪೂಲ್ ಸೇವೆ ಊರಿಂದ ಊರಿಗೆ ಹೋಗುವ ಪ್ರಯಾಣಗಳಲ್ಲಿ ಬೆಳೆಯಿತು, ಹಲವು ದೇಶಗಳಿಗೆ ಹಬ್ಬಿತು. ಎರಡಕ್ಕೂ ಇರುವ ವ್ಯತ್ಯಾಸ ಸರಳ. 300 ಕಿ.ಮೀ. ಪ್ರಯಾಣದಲ್ಲಿ ಒಬ್ಬರನ್ನು ಹತ್ತಿಸಿಕೊಳ್ಳಲು 15 ನಿಮಿಷ ಸುತ್ತಿ ಬಂದರೆ ಯಾರೂ ಲೆಕ್ಕ ಇಡುವುದಿಲ್ಲ. 21 ಕಿ.ಮೀ.ನಲ್ಲಿ ಅದೇ 15 ನಿಮಿಷ ಇಡೀ ಬೆಳಗನ್ನು ತಿಂದುಹಾಕುತ್ತದೆ. ಮೇಲಾಗಿ ಅದು ತಿಂಗಳಿಗೊಮ್ಮೆಯಲ್ಲ, ದಿನಾ.

ಆ್ಯಪ್ ಇಲ್ಲದ ಕಾಲದಲ್ಲೇ ಕಾರ್‌ಪೂಲ್ ಜಾಸ್ತಿ ಇತ್ತು ಅಂದರೆ ನಂಬುತ್ತೀರಾ? ಅಮೆರಿಕದ 1980ರ ಜನಗಣತಿ ಪ್ರಕಾರ ಕೆಲಸಕ್ಕೆ ಹೋಗುವವರಲ್ಲಿ ಸುಮಾರು ಶೇ. 20 ಜನ ಕಾರು ಹಂಚಿಕೊಂಡು ಹೋಗುತ್ತಿದ್ದರು. ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದ್ದ 2019ರಲ್ಲಿ ಆ ಪ್ರಮಾಣ ಸುಮಾರು ಶೇ. 9. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬೆಲೆ ಎರಡು ಸಲ ಏರಿ ಜನರನ್ನು ಒಟ್ಟಿಗೆ ಕೂರಿಸಿತ್ತು, ನಿಜ. ಅದರ ಜೊತೆಗೆ ಒಂದೇ ಕಾರ್ಖಾನೆ, ಒಂದೇ ಶಿಫ್ಟ್, ಒಂದೇ ಗೇಟು ಅನ್ನುವ ಅನುಕೂಲವೂ ಇತ್ತು. 1973ರಲ್ಲಿ ಅಮೆರಿಕದ ತ್ರೀಎಂ ಕಂಪನಿ ಆರು ವ್ಯಾನ್ ಕೊಂಡು ನೌಕರರ ಕೈಗೇ ಕೊಟ್ಟಿತು. ನೌಕರರಲ್ಲೇ ಒಬ್ಬರು ಡ್ರೈವರ್, ಉಳಿದವರು ಅದೇ ದಾರಿಯವರು. ದಿನಾ ಅವರೇ, ಅದೇ ಹೊತ್ತಿಗೆ. ಯಾರೂ ಯಾರನ್ನೂ ಹುಡುಕಬೇಕಿರಲಿಲ್ಲ. ಆಫೀಸಿನ ಓಡಾಟಕ್ಕೆ ಗಟ್ಟಿಯಾಗಿ ನಿಲ್ಲುವ ರೂಪ ಇದೇ ಅಂತ ನನ್ನ ಅನುಭವವೂ ಹೇಳುತ್ತದೆ.

ಅಂಥ ಒಂದು ಗುಂಪಿನ ಜೊತೆ ನಾನು ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದೆ. ಆಗಲೇ ಎರಡು ವರ್ಷ ನಡೆದಿದ್ದ ಗುಂಪು ಅದು, ಮೂವರೇ ಇದ್ದರು. ಮೊದಲ ಪಿಕಪ್ ಒಂದು ಬಸ್ ಸ್ಟಾಪ್‌ನಿಂದ ಸ್ವಲ್ಪ ಮುಂದೆ, ಕಾರು ನಿಲ್ಲಿಸಿದರೆ ಹಿಂದಿನವರಿಗೆ ಅಡ್ಡಿಯಾಗದ ಜಾಗದಲ್ಲಿ. ಕಾರು ಕಾಣುತ್ತಿದ್ದ ಹಾಗೆ ಅಲ್ಲಿದ್ದವರು ಬೆನ್ನಿನ ಬ್ಯಾಗ್ ತೆಗೆದು ಎದೆಗೆ ಹಿಡಿದುಕೊಂಡರು. ಬಾಗಿಲು ತೆರೆದು ಕೂತು ಮತ್ತೆ ಮುಚ್ಚುವುದಕ್ಕೆ ಐದಾರು ಸೆಕೆಂಡು ಸಾಕಾಯಿತು. ಎರಡನೆಯ ಪಿಕಪ್‌ನಲ್ಲಿ ಯಾರೂ ಇರಲಿಲ್ಲ. ಡ್ರೈವ್ ಮಾಡುತ್ತಿದ್ದವರು ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದರು, ಎರಡು ನಿಮಿಷ ನಿಂತರು, ಹೊರಟರು. ಫೋನ್ ಮಾಡಲಿಲ್ಲ, ಬೈಯಲಿಲ್ಲ. "ಅವರು ಬೇರೆ ದಾರಿ ನೋಡ್ಕೋತಾರೆ, ನಮ್ಮ ಮಾತೇ ಹಾಗೆ" ಅಂದರು. ಸಂಜೆ ಆ ಮೂರನೆಯವರು ಎಂದಿನಂತೆ ಬಂದು ಕೂತರು, "ಬೆಳಿಗ್ಗೆ ಎದ್ದಿದ್ದೇ ತಡವಾಯ್ತು" ಅಂದರು. ಅಷ್ಟೇ, ಮಾತು ಬೇರೆ ಕಡೆ ಹೋಯಿತು.

ಆ ಎರಡು ನಿಮಿಷದ ನಿಯಮವನ್ನು ನಾನು ಆಮೇಲೆ ಎಷ್ಟೋ ಕಡೆ ಹೇಳಿಕೊಟ್ಟಿದ್ದೇನೆ. ನಿಮ್ಮನ್ನು ಹತ್ತು ನಿಮಿಷ ಕಾಯಿಸಿದವರನ್ನೇ ನೋಡಿ. ವಾರಕ್ಕೆ ನಾಲ್ಕು ದಿನ ಅಂದರೆ 40 ನಿಮಿಷ. ವರ್ಷಕ್ಕೆ 30 ಗಂಟೆ ಮೀರುತ್ತದೆ. ಅಷ್ಟು ಹೊತ್ತು ನೀವು ಹಜಾರ್ಡ್ ಲೈಟ್ ಹಾಕಿಕೊಂಡು, ಹಿಂದಿನವರ ಹಾರ್ನ್ ಕೇಳಿಕೊಂಡು ರಸ್ತೆ ಬದಿಯಲ್ಲಿ ಕೂತಿರುತ್ತೀರಿ. ಯಾರಿಗಾದರೂ ಬೇಸರ ಬರುತ್ತೆ ಅಲ್ವಾ? ನಿಯಮವನ್ನು ಮೊದಲ ದಿನವೇ ಹೇಳಿದರೆ ಅದು ಎಲ್ಲರ ನಿಯಮ. ಒಂದು ತಿಂಗಳು ಕಾದು ಆಮೇಲೆ ಹೇಳಿದರೆ ಅದು ಒಬ್ಬರ ಮೇಲಿನ ದೂರು.

ಸಂಜೆಯದು ಇನ್ನೂ ಸೂಕ್ಷ್ಮ. ಬೆಳಿಗ್ಗೆ ಎಲ್ಲರಿಗೂ ಹೋಗಿ ಸೇರುವ ಗಡುವು ಇರುತ್ತದೆ. ಸಂಜೆ ಒಬ್ಬರ ಮೀಟಿಂಗ್ ಮುಗಿದಿರುವುದಿಲ್ಲ, ಇನ್ನೊಬ್ಬರ ಮಗುವಿಗೆ ಹುಷಾರಿರುವುದಿಲ್ಲ. ನಿಮ್ಮ ಕಾರಿನಲ್ಲಿ ಬರುವವರ ಮನಸ್ಸಿನಲ್ಲಿ ಸದಾ ಒಂದು ಅಳುಕು ಇರುತ್ತದೆ, "ಇವರು ಹೊರಟುಹೋದರೆ ನಾನು ಮನೆಗೆ ಹೇಗೆ ಹೋಗಲಿ?" ಕೆಲವು ಕಂಪನಿಗಳು ಇದಕ್ಕೆ ಒಂದು ಭರವಸೆ ಕೊಡುತ್ತವೆ. ಕಾರ್‌ಪೂಲ್‌ನಲ್ಲಿ ಬಂದವರಿಗೆ ತುರ್ತು ಬಿದ್ದರೆ, ಅಥವಾ ಕೆಲಸದಿಂದ ತಡವಾದರೆ, ಟ್ಯಾಕ್ಸಿ ಖರ್ಚು ಕಂಪನಿಯದು. ನಾನು ಕೆಲಸ ಮಾಡಿದ ಕಡೆಗಳಲ್ಲಿ ಇದನ್ನು ನಿಜವಾಗಿ ಬಳಸಿದವರು ತೀರಾ ಕಡಿಮೆ. ಆದರೆ ಆ ಭರವಸೆ ಇದೆ ಅನ್ನುವ ಧೈರ್ಯದಿಂದಲೇ ಜನ ತಮ್ಮ ಕಾರು ಮನೆಯಲ್ಲಿ ಬಿಟ್ಟು ಬರುತ್ತಾರೆ. ನಿಮ್ಮ ಎಚ್‌ಆರ್‌ನವರನ್ನು ಒಮ್ಮೆ ಕೇಳಿ. ಇಡೀ ಕಾರ್‌ಪೂಲ್ ಯೋಜನೆಗೆ ಒಪ್ಪದವರೂ ಇಷ್ಟಕ್ಕೆ ಒಪ್ಪಿದ್ದನ್ನು ನೋಡಿದ್ದೇನೆ.

ಈಗ ವಿಮೆಗೆ ಬರೋಣ. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಸ್ವಂತ ಬಳಕೆಯ ಕಾರಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಜನರನ್ನು ಸಾಗಿಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ. ಪರ್ಮಿಟ್ ಇಲ್ಲದೆ ಸ್ವಂತ ಕಾರನ್ನು ಟ್ಯಾಕ್ಸಿ ಥರ ಓಡಿಸಿದರೆ ದಂಡ ಹಾಕುವ, ಗಾಡಿ ಹಿಡಿಯುವ ಕಾನೂನುಗಳೂ ಇವೆ. ಇಷ್ಟರವರೆಗೆ ಅವರು ಸರಿ.

ಆದರೆ ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆ ಬೇರೆ. ಈ ಗೆರೆಯನ್ನು ಬೇರೆ ಬೇರೆ ದೇಶಗಳು ಬೇರೆ ಬೇರೆ ರೀತಿ ಎಳೆದಿವೆ. ಬ್ರಿಟನ್‌ನ ವಿಮಾ ಕಂಪನಿಗಳ ಸಂಘ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಲಾಭ ಇಲ್ಲದೆ ಪ್ರಯಾಣದ ಖರ್ಚು ಮಾತ್ರ ಹಂಚಿಕೊಂಡರೆ, ಜನರನ್ನು ಸಾಗಿಸುವುದೇ ನಿಮ್ಮ ವ್ಯವಹಾರ ಅಲ್ಲದಿದ್ದರೆ, ನಿಮ್ಮ ಪಾಲಿಸಿಗೆ ತೊಂದರೆ ಇಲ್ಲ. ಫ್ರಾನ್ಸ್ 2015ರ ಒಂದು ಕಾನೂನಿನಲ್ಲಿ ಕಾರ್‌ಪೂಲ್ ಅಂದರೆ ಏನು ಅಂತ ಬರೆದಿಟ್ಟಿತು. ಡ್ರೈವರ್ ತಾನೇ ಹೋಗಬೇಕಾದ ಪ್ರಯಾಣ ಆಗಿರಬೇಕು, ಖರ್ಚಿನ ಪಾಲಿನ ಹೊರತು ಹಣ ತೆಗೆದುಕೊಳ್ಳಬಾರದು. ಭಾರತದಲ್ಲಿ ಕೇಂದ್ರ ಸರ್ಕಾರ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ವಂತ ಕಾರಿನ ಪೂಲಿಂಗ್‌ಗೆ ದಾರಿ ತೆರೆದು, ನಗರದೊಳಗೆ ದಿನಕ್ಕೆ ನಾಲ್ಕು ಪ್ರಯಾಣದ ಮಿತಿ ಹಾಕಿತ್ತು. ಬೇಡ ಅನ್ನುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತ್ತು. ಹಾಗಾಗಿ ಗೆಳೆಯರ ಮಾತು, ವಾಟ್ಸಾಪ್‌ನಲ್ಲಿ ಬಂದ ಸುದ್ದಿ ನಂಬಬೇಡಿ. ನೀವಿರುವ ಕಡೆ ಇವತ್ತಿನ ನಿಯಮ ಏನಿದೆ ಅಂತ ಸಾರಿಗೆ ಇಲಾಖೆಯಲ್ಲೇ ಕೇಳಿ.

ವಿಮಾ ಕಂಪನಿಗೆ ಒಂದು ಇಮೇಲ್ ಬರೆಯಿರಿ. ಫೋನ್ ಮಾಡಬೇಡಿ, ಬರವಣಿಗೆಯಲ್ಲೇ ಇರಲಿ. "ನಾನು ದಿನಾ ಹೋಗುವ ದಾರಿಯಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಕರೆದುಕೊಂಡು ಹೋಗುತ್ತೇನೆ. ಇಂಧನ, ಟೋಲ್, ಪಾರ್ಕಿಂಗ್ ಖರ್ಚನ್ನು ಸಮನಾಗಿ ಹಂಚಿಕೊಳ್ಳುತ್ತೇವೆ. ನನ್ನ ಪಾಲಿಸಿ ಇದಕ್ಕೆ ಅನ್ವಯಿಸುತ್ತದೆಯೇ? ಜೊತೆಗೆ ಕೂತವರಿಗೆ ಪೆಟ್ಟಾದರೆ ಪರಿಹಾರ ಇದೆಯೇ?" ಇಷ್ಟು ಸಾಕು. ಬಂದ ಉತ್ತರವನ್ನು ಪಾಲಿಸಿಯ ಜೊತೆಗೇ ಇಡಿ. ಕಾರಿನಲ್ಲಿ ಕೂತವರಿಗೆ ಬೇರೆಯಾಗಿ ಅಪಘಾತ ವಿಮೆ ಸೇರಿಸುವ ಆಯ್ಕೆ ಇದ್ದರೆ ಸೇರಿಸಿಕೊಳ್ಳಿ. ಆ್ಯಪ್‌ನವರು "ಪ್ರತಿ ಪ್ರಯಾಣಕ್ಕೂ ವಿಮೆ ಇದೆ" ಅಂದರೆ, ಅದು ಯಾರಿಗೆ, ಎಷ್ಟಕ್ಕೆ, ಯಾವ ಷರತ್ತಿಗೆ ಅಂತ ಓದಿ ನೋಡಿ. ಹೆಚ್ಚಾಗಿ ಅದು ಜೊತೆಗೆ ಕೂತವರ ಪೆಟ್ಟಿಗೆ ಇರುತ್ತದೆ. ನಿಮ್ಮ ಕಾರಿನ ರಿಪೇರಿಗೆ ಅಲ್ಲ.

ದುಡ್ಡಿನ ಪ್ರಶ್ನೆಗೂ ಉತ್ತರ ಇದರೊಳಗೇ ಇದೆ. ನಿಮ್ಮ ಒಂದು ದಿನದ ಇಂಧನ, ಟೋಲ್, ಪಾರ್ಕಿಂಗ್ ಸೇರಿ 100 ಆಗುತ್ತದೆ ಅಂತಿಟ್ಟುಕೊಳ್ಳಿ. ನಿಮ್ಮನ್ನೂ ಸೇರಿಸಿ ಮೂವರು ಇದ್ದರೆ ತಲಾ 33. ಅಂದರೆ ನಿಮ್ಮ ಕೈಗೆ ಬರುವುದು 66, ಉಳಿದದ್ದು ನಿಮ್ಮದೇ ಪಾಲು. ನಿಮ್ಮ ಪಾಲನ್ನು ನೀವು ಕೊಡುತ್ತಿರುವವರೆಗೆ ಅದು ಹಂಚಿಕೆ. ಬಂದ ಹಣ 100 ದಾಟಿದ ದಿನ ಅದು ಸಂಪಾದನೆ. ಕಾರಿನ ಸಾಲದ ಕಂತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಕಾರು ಹೇಗೂ ನಿಮ್ಮದೇ. ಕೆಲವು ಆ್ಯಪ್‌ಗಳು ಬೇಡಿಕೆ ಜಾಸ್ತಿ ಇದ್ದ ಹೊತ್ತಿನಲ್ಲಿ ಸೀಟಿನ ಬೆಲೆಯನ್ನೂ ಏರಿಸುತ್ತವೆ, ಇಷ್ಟು ಟ್ರಿಪ್ ಮಾಡಿದರೆ ಇಷ್ಟು ಬೋನಸ್ ಅನ್ನುತ್ತವೆ. ನಿಮಗೆ ಅದು ಬೇಡ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ ನಿಮ್ಮನ್ನು ಕಾಪಾಡುವುದು ಮೂರು ಮಾತು: ನೀವು ಹೇಗೂ ಹೋಗುವ ದಾರಿ, ನೀವು ಹೇಗೂ ಹೊರಡುವ ಹೊತ್ತು, ಖರ್ಚಿಗಿಂತ ಕಡಿಮೆ ಹಣ. ಬೋನಸ್‌ಗೋಸ್ಕರ ಒಂದು ಸುತ್ತು ಜಾಸ್ತಿ ಹೊಡೆದರೆ ಮೂರೂ ಸಡಿಲವಾಗುತ್ತವೆ.

ಹಾಗಂತ ಪೂರ್ತಿ ಪುಕ್ಕಟೆ ಕರೆದುಕೊಂಡು ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಹಾಗೆ ಶುರು ಮಾಡಿದ ಗುಂಪುಗಳು ಬೇಗ ಒಡೆದದ್ದನ್ನು ನೋಡಿದ್ದೇನೆ. ಪುಕ್ಕಟೆ ಬರುವವರಿಗೆ ಎಸಿ ಜಾಸ್ತಿ ಮಾಡಿ ಅನ್ನಲೂ ಸಂಕೋಚ, ನಿಧಾನ ಓಡಿಸಿ ಅನ್ನಲೂ ಸಂಕೋಚ. ನಿಮಗೋ ಒಳಗೊಳಗೇ, "ಇಷ್ಟು ಮಾಡಿದರೂ ಹೊತ್ತಿಗೆ ಸರಿಯಾಗಿ ಬರಲ್ಲ" ಅಂತ ಕೋಪ. ತಿಂಗಳಿಗೊಮ್ಮೆ ಲೆಕ್ಕ ಮುಗಿಸಿ. ದಿನಾ ಇಳಿಯುವಾಗ ಫೋನ್ ತೆಗೆದು ಹಣ ಕಳಿಸುವುದು ಬಂದವರಿಗೂ ಮುಜುಗರ, ನೋಡುವವರಿಗೂ ಅದು ಟ್ಯಾಕ್ಸಿಯ ಥರ ಕಾಣುತ್ತದೆ. ಬರುವವರ ಬಳಿಯೂ ಕಾರಿದ್ದರೆ ಇನ್ನೂ ಸುಲಭ. ಒಂದು ವಾರ ನಿಮ್ಮ ಕಾರು, ಒಂದು ವಾರ ಅವರದು. ಹಣದ ಮಾತೇ ಬರುವುದಿಲ್ಲ, ವಿಮೆಯ ಗೊಂದಲವೂ ಹೆಚ್ಚು ಕಡಿಮೆ ತಪ್ಪುತ್ತದೆ.

ಮನೆಯವರ ಭಯವನ್ನು ತಳ್ಳಿಹಾಕಬೇಡಿ. ಆ್ಯಪ್‌ನಲ್ಲಿ ಹೆಸರಿನ ಪಕ್ಕ ಹಸಿರು ಟಿಕ್ ಇದ್ದರೆ ಆ ಫೋನ್ ನಂಬರ್, ಆಫೀಸಿನ ಇಮೇಲ್, ಅಥವಾ ಒಂದು ಗುರುತಿನ ಚೀಟಿ ಅವರದೇ ಅಂತ ಅರ್ಥ. ಮನುಷ್ಯ ಹೇಗೆ, ಗಾಡಿ ಹೇಗೆ ಓಡಿಸುತ್ತಾರೆ ಅನ್ನೋದು ಅದರಿಂದ ತಿಳಿಯುವುದಿಲ್ಲ. ರೇಟಿಂಗ್ ಮೇಲೂ ನನಗೆ ನಂಬಿಕೆ ಕಡಿಮೆ. ನಾಳೆ ಮತ್ತೆ ಮುಖ ನೋಡಬೇಕಾದವರಿಗೆ ಎರಡು ಸ್ಟಾರ್ ಕೊಡುವ ಧೈರ್ಯ ಎಷ್ಟು ಜನಕ್ಕಿದೆ? ಅದಕ್ಕಿಂತ ಒಂದೇ ಕಂಪನಿ, ಅಥವಾ ಒಂದೇ ಕ್ಯಾಂಪಸ್, ನಡುವೆ ಗೊತ್ತಿರುವ ಒಬ್ಬರು ಇದ್ದರೆ ಅದು ದೊಡ್ಡ ರಕ್ಷಣೆ. ಮೊದಲ ಭೇಟಿ ಕಾರಿನಲ್ಲಿ ಬೇಡ. ಆಫೀಸಿನ ಕ್ಯಾಂಟೀನ್‌ನಲ್ಲಿ ಹತ್ತು ನಿಮಿಷ ಕೂತು ಮಾತಾಡಿ. ನಿಮ್ಮ ಮನೆ ಬಾಗಿಲಿನಿಂದ ಯಾರನ್ನೂ ಹತ್ತಿಸಿಕೊಳ್ಳಬೇಡಿ, ಮುಖ್ಯ ರಸ್ತೆಯ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಆ್ಯಪ್‌ನಲ್ಲಿ ಮನೆಯ ಪಿನ್ ಹಾಕುವ ಕಡೆಯೂ ಹತ್ತಿರದ ಸರ್ಕಲ್ ಹಾಕಿದರೆ ಸಾಕು. ಲೈವ್ ಲೊಕೇಶನ್ ಮನೆಯವರಿಗೆ ಹೋಗುತ್ತಿರಲಿ, ಅದು ಜೊತೆಗಿರುವವರಿಗೂ ಗೊತ್ತಿರಲಿ.

ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ ಎಪ್ಪತ್ತರ ದಶಕದಿಂದ ಒಂದು ರೂಢಿ ನಡೆದುಬಂದಿದೆ. ಅಲ್ಲಿ ಇದನ್ನು ಸ್ಲಗಿಂಗ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಹೆಚ್ಚು ಜನ ಇರುವ ಕಾರುಗಳಿಗೆ ಅಂತ ಶುರುವಾದ ಬೇರೆ ಲೇನ್ ಇದೆ. ಆ ಲೇನ್ ಸಿಗಲಿ ಅಂತ ಡ್ರೈವರ್‌ಗಳು ಗೊತ್ತಾದ ಜಾಗಗಳಲ್ಲಿ ಸಾಲಾಗಿ ನಿಂತ ಅಪರಿಚಿತರನ್ನು ಹತ್ತಿಸಿಕೊಳ್ಳುತ್ತಾರೆ. ಹಣ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ಯಾರೂ ಬರೆದುಕೊಡದೆ ಜನರೇ ಮಾಡಿಕೊಂಡ ಕೆಲವು ನಿಯಮಗಳು ಅಲ್ಲಿವೆ. ಅದರಲ್ಲಿ ಒಂದು ನನಗೆ ತುಂಬಾ ಇಷ್ಟ: ಸಾಲಿನಲ್ಲಿ ಹೆಣ್ಣುಮಗಳೊಬ್ಬಳನ್ನೇ ಬಿಟ್ಟು ಉಳಿದವರು ಕಾರು ಹತ್ತಬಾರದು. ನಿಮ್ಮ ಗುಂಪಿನಲ್ಲೂ ಇಂಥ ಒಂದು ಮಾತು ಮೊದಲೇ ಆಗಲಿ. ಸಂಜೆ ತಡವಾದಾಗ ಯಾರನ್ನೂ ನಿರ್ಜನ ಜಾಗದಲ್ಲಿ ಇಳಿಸುವುದಿಲ್ಲ, ಎರಡು ನಿಮಿಷ ಸುತ್ತಾದರೂ ಸರಿ ಅಂತ. ಕಾಯುವುದಕ್ಕೆ ಎರಡೇ ನಿಮಿಷ ಅಂದ ನಾನೇ ಇದನ್ನೂ ಹೇಳುತ್ತಿದ್ದೇನೆ, ಯಾಕೆಂದರೆ ಎರಡೂ ಒಂದೇ ಅಲ್ಲ.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಕಾರ್‌ಪೂಲ್ ಅಂದ ಕೂಡಲೇ ಎಲ್ಲರೂ ಕೆಟ್ಟ ಜನರ ಬಗ್ಗೆ ಯೋಚಿಸುತ್ತಾರೆ. ದಿನಾ ಎದುರಾಗುವ ಅಪಾಯ ರಸ್ತೆಯದು. ಹಿಂದಿನ ಸೀಟಿನಲ್ಲಿ ಕೂತವರು ಬೆಲ್ಟ್ ಹಾಕುವುದಿಲ್ಲ, ಬೆಲ್ಟಿನ ಕೊಂಡಿ ಸೀಟಿನ ಸಂದಿಯೊಳಗೆ ಎಲ್ಲೋ ಹೂತುಹೋಗಿರುತ್ತದೆ. ಇವತ್ತು ಸಂಜೆ ಆ ಕೊಂಡಿಗಳನ್ನೆಲ್ಲ ಎಳೆದು ಹೊರಗೆ ತೆಗೆದಿಡಿ. ಹಿಂದಿನವರು ಬೆಲ್ಟ್ ಹಾಕದಿದ್ದರೆ ಡಿಕ್ಕಿಯಾದಾಗ ಅವರ ದೇಹ ಮುಂದಿನ ಸೀಟಿನಲ್ಲಿರುವ ನಿಮ್ಮ ಬೆನ್ನಿಗೇ ಬಂದು ಅಪ್ಪಳಿಸುತ್ತದೆ. ಇನ್ನೊಂದು, ಓಡಿಸುತ್ತಿರುವಾಗ ಆ್ಯಪ್‌ನ ಸೂಚನೆಗಳನ್ನು ನೋಡುವುದು. ಹೊಸ ಸವಾರಿಯ ಕೋರಿಕೆ ಬಂತು, ಒಪ್ಪಲು 30 ಸೆಕೆಂಡ್ ಇದೆ ಅನ್ನುವ ಥರದ ಸದ್ದು ಅಪಾಯಕಾರಿ. ಹೊರಡುವ ಮುಂಚೆಯೇ ಅದನ್ನು ಬಂದ್ ಮಾಡಿ. ಕಾಯಂ ಗುಂಪು ಇದ್ದರೆ ಆ ಸದ್ದಿನ ಗೊಡವೆಯೇ ಇರುವುದಿಲ್ಲ.

ಇನ್ನು ಟ್ರಾಫಿಕ್. ನೀವೊಬ್ಬರು ಮಾಡಿದರೆ ರಸ್ತೆಯಲ್ಲಿ ಏನೂ ಕಾಣುವುದಿಲ್ಲ, ಮನೆಯವರು ಹೇಳಿದ್ದು ಸರಿ. ಆದರೆ ತುಂಬ ಜನ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಒಂದು ದೊಡ್ಡ ಸಾಕ್ಷಿ ಇದೆ. ಇಂಡೊನೇಷ್ಯಾದ ಜಕಾರ್ತಾದಲ್ಲಿ ಮುಖ್ಯ ರಸ್ತೆಗಳಲ್ಲಿ, ಬೆಳಿಗ್ಗೆ ಸಂಜೆಯ ದಟ್ಟಣೆಯ ಹೊತ್ತಿನಲ್ಲಿ, ಕಾರಿನಲ್ಲಿ ಕನಿಷ್ಠ ಮೂವರು ಇರಬೇಕು ಅನ್ನುವ ನಿಯಮ ಇತ್ತು. ಜನ ಅದಕ್ಕೆ ಅಡ್ಡದಾರಿ ಹುಡುಕಿದರು. ರಸ್ತೆ ಬದಿ ನಿಂತವರಿಗೆ ಸ್ವಲ್ಪ ಹಣ ಕೊಟ್ಟು ಕಾರಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮಗುವನ್ನು ಎತ್ತಿಕೊಂಡು ನಿಲ್ಲುತ್ತಿದ್ದ ತಾಯಂದಿರೂ ಅವರಲ್ಲಿ ಇದ್ದರು. ನಿಯಮದಿಂದ ಉಪಯೋಗವಿಲ್ಲ ಅಂತ 2016ರಲ್ಲಿ ಸರ್ಕಾರ ಅದನ್ನು ತೆಗೆದುಹಾಕಿತು. ಆಗ ಮೂವರು ಸಂಶೋಧಕರು ಫೋನಿನ ಮ್ಯಾಪ್‌ಗಳಿಂದ ವೇಗದ ಮಾಹಿತಿ ತೆಗೆದು ನೋಡಿದರು. ಬೆಳಿಗ್ಗೆ ಒಂದು ಕಿ.ಮೀ.ಗೆ ಆಗುತ್ತಿದ್ದ ವಿಳಂಬ 2.1 ನಿಮಿಷದಿಂದ 2.8ಕ್ಕೆ ಏರಿತ್ತು. ಸಂಜೆ 2.8 ಇದ್ದದ್ದು 5.3 ನಿಮಿಷವಾಗಿತ್ತು. ಮೂವರ ನಿಯಮ ಇಲ್ಲದ ರಸ್ತೆಗಳಲ್ಲೂ ದಟ್ಟಣೆ ಜಾಸ್ತಿಯಾಯಿತು. ಅಷ್ಟು ಅಡ್ಡದಾರಿ ಇದ್ದರೂ ಆ ನಿಯಮ ಕೆಲಸ ಮಾಡುತ್ತಿತ್ತು ಅಂತ ಅದು ಹೋದ ಮೇಲೆ ತಿಳಿಯಿತು.

ಶಾಲೆಗೆ ರಜೆ ಬಂದಾಗ ನಿಮ್ಮ ದಾರಿಯಲ್ಲೂ ಇದನ್ನೇ ನೋಡಿರುತ್ತೀರಿ. ಗಾಡಿಗಳು ಕಡಿಮೆಯಾಗುವುದು ಸ್ವಲ್ಪವೇ, ಪ್ರಯಾಣ ಹಗುರಾಗುವುದು ಅದಕ್ಕಿಂತ ಜಾಸ್ತಿ. ರಸ್ತೆ ತುಂಬಿ ತುಳುಕುವ ಅಂಚಿನಲ್ಲಿದ್ದಾಗ ಕೊನೆಯ ಕೆಲವು ಗಾಡಿಗಳೇ ಎಲ್ಲರನ್ನೂ ನಿಲ್ಲಿಸುವುದು. ಒಂದು ಎಚ್ಚರ ಮಾತ್ರ ಇರಲಿ. ನಿಮ್ಮ ಕಾರಿಗೆ ಬರುವವರು ಇಷ್ಟು ದಿನ ಬಸ್ಸಿನಲ್ಲೋ ರೈಲಿನಲ್ಲೋ ಬರುತ್ತಿದ್ದವರಾದರೆ ರಸ್ತೆಯಿಂದ ಒಂದು ಕಾರೂ ಕಡಿಮೆಯಾಗುವುದಿಲ್ಲ. ಅವರಿಗೆ ಅನುಕೂಲ ಆಗುತ್ತದೆ, ಅದು ತಪ್ಪಲ್ಲ. ಆದರೆ ಟ್ರಾಫಿಕ್ ನಿಮ್ಮ ಮನಸ್ಸಿನಲ್ಲಿದ್ದರೆ, ಈಗ ಒಬ್ಬರೇ ಕಾರು ತರುತ್ತಿರುವವರನ್ನು ಹುಡುಕಿ. ಅವರನ್ನು ಒಪ್ಪಿಸುವುದು ಕಷ್ಟ. ಒಪ್ಪಿದರೆ ಒಂದು ಕಾರು ಮನೆಯಲ್ಲೇ ಉಳಿಯುತ್ತದೆ.

ಹಾಗಾದರೆ ಮುಂದೇನು? ಮೊದಲ ಆಯ್ಕೆ, ಆ್ಯಪ್ ಮತ್ತೆ ತೆರೆದು ಮೊದಲ ಎರಡು ವಾರ ಬಂದವರಲ್ಲಿ ಹೊಂದಿಕೊಂಡವರು ಯಾರು ಅಂತ ನೋಡಿ, ಅವರನ್ನೇ ನೇರವಾಗಿ ಕೇಳಿ. ನಾಲ್ಕೂ ದಿನ ಬೇಡ, ಎರಡು ದಿನಕ್ಕೆ ಕೇಳಿ. ವಾರಕ್ಕೆ ಎರಡು ದಿನ ಅಂದರೆ ಒಪ್ಪುವವರು ಜಾಸ್ತಿ, ಆ ಎರಡು ದಿನ ನಿಮ್ಮದೇ ಕೆಲಸಗಳನ್ನೂ ಅದಕ್ಕೆ ತಕ್ಕ ಹಾಗೆ ಇಟ್ಟುಕೊಳ್ಳಬಹುದು. ಇದರ ತೊಂದರೆ ಅಂದರೆ, ಒಬ್ಬರು ಕೆಲಸ ಬಿಟ್ಟರೆ ಗುಂಪೇ ಮುಗಿಯಿತು. ಅದಕ್ಕೆ ಮೂರನೆಯವರೊಬ್ಬರು ಇರಲಿ. ನಾಲ್ಕನೆಯವರಿಗೆ ಹೋಗಬೇಡಿ. ಪ್ರತಿ ಪಿಕಪ್‌ಗೂ ಐದು ನಿಮಿಷ ಸೇರುತ್ತದೆ, ಒಂದೂಕಾಲು ಗಂಟೆ ಒಂದೂವರೆ ಆಗುತ್ತದೆ, ಕೊನೆಗೆ ಮೊದಲು ಹತ್ತಿದವರೇ ಬಿಡುತ್ತಾರೆ. ಎರಡನೆಯ ಆಯ್ಕೆ, ಕೆಲವು ದಿನ ನೀವೇ ಇನ್ನೊಬ್ಬರ ಕಾರಿನಲ್ಲಿ ಹೋಗುವುದು. ಎರಡು ಗಂಟೆ ಸ್ಟಿಯರಿಂಗ್ ಹಿಡಿಯದ ಸಂಜೆ ಹೇಗಿರುತ್ತದೆ ಅಂತ ಒಮ್ಮೆ ನೋಡಿ. ಓಡಿಸುವುದು ಬೇರೆಯವರ ಕೈಯಲ್ಲಿರುತ್ತದೆ, ಅವರ ಓಡಿಸುವ ರೀತಿ ಹಿಡಿಸದಿದ್ದರೆ ಎರಡನೆಯ ದಿನವೇ ನಿಲ್ಲಿಸಿ. ಮೂರನೆಯದು, ಏನೂ ಕೂಡಿಬರದಿದ್ದರೆ ಹೊರಡುವ ಹೊತ್ತನ್ನು ನಲವತ್ತು ನಿಮಿಷ ಹಿಂದೆ ಮುಂದೆ ಮಾಡಿ ನೋಡುವುದು. ಕೆಲವರಿಗೆ ಕಾರ್‌ಪೂಲ್‌ಗಿಂತ ಇದೇ ಜಾಸ್ತಿ ಸಮಯ ಉಳಿಸುತ್ತದೆ. ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು.

ಸರಿಹೋಗದವರಿಗೆ ಬೇಡ ಅಂತ ಹೇಗೆ ಹೇಳೋದು ಅಂದಿರಿ. ಅದಕ್ಕೆ ಹೇಳುವ ಗಳಿಗೆ ಶುರುವಿನಲ್ಲೇ ಇದೆ. "ಎರಡು ವಾರ ನೋಡೋಣ, ಇಬ್ಬರಿಗೂ ಹೊಂದಿದರೆ ಮುಂದುವರಿಸೋಣ" ಅಂತಲೇ ಶುರು ಮಾಡಿ. ಆಮೇಲೆ ಬೇಡ ಅನ್ನಿಸಿದರೆ ಕಾರಣಗಳ ಪಟ್ಟಿ ಕೊಡಬೇಡಿ, ಸುಳ್ಳು ನೆಪವೂ ಬೇಡ. ಕಾರಿನೊಳಗೆ, ಇನ್ನೂ ನಲವತ್ತು ನಿಮಿಷ ಜೊತೆಗೆ ಕೂತಿರಬೇಕಾದಾಗ ಹೇಳಬೇಡಿ. ವಾರದ ಕೊನೆಯ ಸಂಜೆ, ಇಬ್ಬರೂ ಮನೆ ಸೇರಿದ ಮೇಲೆ ಒಂದು ಮೆಸೇಜ್ ಕಳಿಸಿ: "ಎರಡು ವಾರ ಜೊತೆಗೆ ಬಂದಿದ್ದಕ್ಕೆ ಥ್ಯಾಂಕ್ಸ್. ನಮ್ಮಿಬ್ಬರ ಹೊತ್ತು ಹೊಂದುತ್ತಿಲ್ಲ, ಹಾಗಾಗಿ ಸೋಮವಾರದಿಂದ ನಾನು ಬೇರೆ ವ್ಯವಸ್ಥೆ ಮಾಡ್ಕೊಳ್ತೀನಿ. ಈ ತಿಂಗಳ ಲೆಕ್ಕ ಇವತ್ತೇ ಕಳಿಸ್ತೀನಿ. ಆಫೀಸಿನಲ್ಲಿ ಸಿಗೋಣ."